ಅಮಲ್ದಾರನ ಕಿಂಡಿ

ನಮ್ಮೂರಿನ ಬಾಗಿಲುಗಳಿಗೆ ಬೀಗ ಹಾಕುವ ಪದ್ಧತಿಯಿಲ್ಲ. ಹೊರಗೆ ನಿಂತವರು ಬಂದ ಕಾರಣ ಹೇಳಬೇಕು. ಕಾರಣ ನಿಜವಾಗಿದ್ದರೆ ಬಾಗಿಲು ತೆರೆಯುತ್ತದೆ, ಸುಳ್ಳಾಗಿದ್ದರೆ ಇಲ್ಲ. ಎದುರುಮನೆಯ ಚೂಡಾಮಣಿ ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ನಮ್ಮ ಹೊಸ್ತಿಲಾಚೆ ನಿಂತು, "ಒಂದು ಬಟ್ಟಲು ಸಕ್ಕರೆ ಕೇಳೋಕೆ ಬಂದೆ" ಎಂದು ಎಷ್ಟೋ ಸಲ ಬಿಸಿಲಲ್ಲಿ ಒಣಗಿದಳು. ಆಮೇಲೆ ಬುದ್ಧಿ ಬಂತು. "ನಿನ್ನೆ ನಿಮ್ಮನೇಲಿ ಪಾತ್ರೆ ಯಾಕೆ ಎಸೆದರು ಅಂತ ತಿಳ್ಕೊಳ್ಳೋಕೆ ಬಂದೆ, ಸಕ್ಕರೆ ಮನೇಲಿದೆ" ಎನ್ನುವುದನ್ನು ಕಲಿತಳು. ಈಗ ಬಾಗಿಲು ಅವಳನ್ನು ಕಂಡರೆ ಒಂದು ಗಳಿಗೆಯೂ ಕಾಯಿಸುವುದಿಲ್ಲ.

ಇಂಥದನ್ನೆಲ್ಲ ಕೇಳಿಸಿಕೊಂಡು ಬದುಕುವುದು ಕಷ್ಟವಲ್ಲವೆ? ಅದಕ್ಕೇ ಪ್ರತಿ ಮನೆಯಲ್ಲೂ ಬಾಗಿಲ ಪಕ್ಕದ ಗೂಟಕ್ಕೆ ಒಂದು ಹಿತ್ತಾಳೆ ತಟ್ಟೆ, ಒಂದು ಸೌಟು ನೇತುಹಾಕಿರುತ್ತೇವೆ. ಹೊರಗೆ ಯಾರಾದರೂ ಗಂಟಲು ಸರಿಮಾಡಿಕೊಂಡರೆ ಸಾಕು, ಒಳಗಿನವರು ಢಣಢಣ ಬಾರಿಸಬೇಕು. ಬಂದವರು ಹೇಳಿದ್ದು ಬಾಗಿಲಿಗೆ ಮಾತ್ರ ಕೇಳಬೇಕು, ನಮಗಲ್ಲ. ತಟ್ಟೆ ಬಾರಿಸದೆ ಕಿವಿಗೊಡುವುದೆಂದರೆ ಬಚ್ಚಲಮನೆಗೆ ಇಣುಕಿದಷ್ಟೇ ಮಾನಗೇಡಿ ಕೆಲಸ. ಒಳಗಿನಿಂದ ನಾವೇ ಬಾಗಿಲು ತೆಗೆಯಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಹಾಗೆ ತೆಗೆಸಿಕೊಂಡು ಬಂದವನು ಮನೆಯವನಲ್ಲ, ಅತಿಥಿ. ಅವನಿಗೆ ಕಾಫಿ ಕೊಟ್ಟು, ಎರಡು ಮಾತಾಡಿ, ಕತ್ತಲಾಗುವ ಮೊದಲು ಕಳಿಸಿಬಿಡಬೇಕು. ಕಳ್ಳರ ಕಾಟ ನಮ್ಮೂರಲ್ಲಿ ಇಲ್ಲ. ಕಳ್ಳ ನಿಜ ಹೇಳಿದರೂ ಬಾಗಿಲು ತೆರೆಯುತ್ತದೆ, ಅದರಲ್ಲಿ ಭೇದಭಾವ ಮಾಡುವುದಿಲ್ಲ. ಆದರೆ "ಕದಿಯೋಕೆ ಬಂದೆ" ಎಂದು ಗಟ್ಟಿಯಾಗಿ ಹೇಳಿದ ಮೇಲೆ ಕದಿಯುವುದಾದರೂ ಹೇಗೆ?

ನಾನು ಜಲಜಾಕ್ಷಿ. ನಮ್ಮವರು ಪಟ್ಟಾಭಿ, ನೀರಿನ ಮೀಟರು ಓದುವ ಕೆಲಸ. ದಿನವಿಡೀ ಊರಿನ ಬಾಗಿಲುಗಳ ಮುಂದೆ ನಿಂತು "ಮೀಟರ್ ನೋಡೋಕೆ ಬಂದೆ, ಮಜ್ಜಿಗೆ ಕೊಟ್ಟರೆ ಅದನ್ನೂ ಕುಡಿಯೋಕೆ ಬಂದೆ" ಎಂದು ಹೇಳಿ ಹೇಳಿ ಅವರ ನಾಲಿಗೆ ಸವೆದಿರುತ್ತದೆ. ಮನೆಯಲ್ಲಿ ಮಾತು ಕಡಿಮೆ. ಹತ್ತು ಕೇಳಿದರೆ ಒಂದು "ಹ್ಞೂಂ". ಮಕ್ಕಳಿಲ್ಲ. ಇರುವವನು ಒಬ್ಬನೇ, ಅಮಲ್ದಾರ. ಅಂದರೆ ನಮ್ಮ ಬೆಕ್ಕು. ಮೈಯೆಲ್ಲ ಬೂದಿ ಬಣ್ಣ, ಎದೆಯ ಮೇಲೆ ಮಾತ್ರ ಬಿಳಿ ಅಂಗಿ ತೊಟ್ಟ ಹಾಗೆ. ಯಾವ ಪಾತ್ರೆಯನ್ನೂ ತಪಾಸಣೆ ಮಾಡದೆ ಬಿಡುವವನಲ್ಲ. ಅವನನ್ನು ನಾವು ಸಾಕಿದ್ದಲ್ಲ. ಒಂದು ಮಧ್ಯಾಹ್ನ ನಮ್ಮ ಹಳೆಯ ಮರದ ಬಾಗಿಲ ಮುಂದೆ ಕೂತು "ಮಿಯಾಂವ್" ಎಂದ, ಬಾಗಿಲು ತೆರೆಯಿತು. ಬಾಗಿಲೇ ಒಪ್ಪಿ ಬಿಟ್ಟುಕೊಂಡವನನ್ನು ಹೊರಗೆ ಹಾಕುವುದಕ್ಕೆ ನಾವ್ಯಾರು?

ಆ ಮರದ ಬಾಗಿಲು ಸಜ್ಜನ. ನಮ್ಮ ಅತ್ತೆಯ ಕಾಲದ್ದು. ಅರ್ಧ ನಿಜ ಹೇಳಿದರೂ ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ನಾನು ಪೇಟೆಯಿಂದ ಬಂದು "ಅಡುಗೆ ಮಾಡೋಕೆ ಬಂದೆ" ಎಂದರೆ ಸಾಕು, ಕಿರ್ ಎಂದು ತೆರೆಯುತ್ತಿತ್ತು. ಆದರೆ ಗೆದ್ದಲಿಗೆ ಸಜ್ಜನ ದುರ್ಜನ ಎಂಬ ವಿವೇಚನೆ ಎಲ್ಲಿ? ಒಳಗೊಳಗೇ ತಿಂದು ಮುಗಿಸಿತು. ಒಂದು ದಿನ ಚೂಡಾಮಣಿ ಕಾರಣ ಹೇಳುವ ಮೊದಲೇ ಬಾಗಿಲು ಅವಳ ಕಾಲ ಬಳಿ ಬಿತ್ತು. ಅದರ ಜಾಗಕ್ಕೆ ಪ್ಲಾಸ್ಟಿಕ್ ಬಾಗಿಲು ಬಂತು. ಕಂದು ಬಣ್ಣ, ಮೇಲೆ ಮರದ ಗೆರೆಗಳ ಚಿತ್ರ, ಬೆರಳಲ್ಲಿ ತಟ್ಟಿದರೆ ಖಾಲಿ ಡಬ್ಬದ ಸದ್ದು. "ಗೆದ್ದಲು ಹಿಡಿಯೋಲ್ಲ, ನೀರು ಕುಡಿಯೋಲ್ಲ" ಎಂದು ಅಂಗಡಿಯವನು ಹೊಗಳಿದ. ಸ್ವಭಾವ ಹೇಗೆ ಎಂದು ನಾವು ಕೇಳಲಿಲ್ಲ.

ಸ್ವಭಾವ ತೀರ ಖಡಾಖಂಡಿತ. ಮೊದಲ ದಿನವೇ ನಾನು ತರಕಾರಿ ಚೀಲ ಹೊತ್ತು "ಅಡುಗೆ ಮಾಡೋಕೆ ಬಂದೆ" ಎಂದರೆ ಕದಲಲಿಲ್ಲ. "ಹುಳಿ ಮಾಡೋಕೆ ಬಂದೆ" ಎಂದೆ. ಊಹೂಂ. ಬೆವರು ಇಳಿಯುತ್ತಿತ್ತು. "ಕಾಲು ಸೇದ್ತಾ ಇದೆ, ಅಡುಗೆ ಹಾಳಾಗಿ ಹೋಗಲಿ, ಬಿದ್ಕೊಳ್ಳೋಕೆ ಬಂದೆ" ಎಂದ ಮೇಲೆ ತೆರೆಯಿತು. ಇನ್ನು ಅಮಲ್ದಾರನ ಗತಿ ಕೇಳಬೇಡಿ. ಈ ಬಾಗಿಲಿಗೆ ಮಿಯಾಂವ್ ತಿಳಿಯುವುದಿಲ್ಲ. ಅವನು ಸಣ್ಣದಾಗಿ ಹೇಳಿದ, ದೊಡ್ಡದಾಗಿ ಹೇಳಿದ, ಉಗುರಿನಿಂದ ಬರೆದೂ ತೋರಿಸಿದ. ಅದು ಮಿಸುಕಲಿಲ್ಲ. ಕಿಟಕಿಗಳಿಗೆಲ್ಲ ಸೊಳ್ಳೆಯ ಜಾಲರಿ, ಮನೆಯ ಹಿಂದೆ ಇನ್ನೊಬ್ಬರ ಗೋಡೆ, ಇರುವುದು ಇದೊಂದೇ ಬಾಗಿಲು. ಹೊರಗೆ ಬಿಟ್ಟರೆ ಅವನ ಪಾಡು ನಾಯಿ ಪಾಡಾಗುತ್ತದೆಂದು ನಮ್ಮವರು ಅವನನ್ನು ಒಳಗೇ ಇಟ್ಟರು. ಅಮಲ್ದಾರ ದಿನವಿಡೀ ಕಿಟಕಿಯಲ್ಲಿ ಕೂತು ಬೀದಿಯ ಗುಬ್ಬಿಗಳನ್ನು ವಿಚಾರಿಸಿಕೊಳ್ಳತೊಡಗಿದ.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ನಮ್ಮವರು ಸಂಜೆ ಬರುವಾಗ ನಾನು ಎಂದೂ ತಪ್ಪದೆ ತಟ್ಟೆ ಬಾರಿಸಿದವಳು. ಗಂಡನಾದರೇನು, ಮರ್ಯಾದೆ ಮರ್ಯಾದೆಯೇ. ಅವರು ಬಾಗಿಲಿಗೆ ಏನು ಹೇಳಿ ಒಳಗೆ ಬರುತ್ತಾರೋ ನನಗೆ ತಿಳಿದಿರಲಿಲ್ಲ, ತಿಳಿಯಬೇಕೆಂದೂ ಅನ್ನಿಸಿರಲಿಲ್ಲ. ಹೊಸ ಬಾಗಿಲು ಬಂದ ಮೇಲೆ ಒಂದು ಸಂಜೆ ನನ್ನ ಎರಡೂ ಕೈ ಹಲಸಿನ ಹಣ್ಣಿನ ಅಂಟಿನಲ್ಲಿ ಮುಳುಗಿದ್ದವು. ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು, ಅವರು ಕೆಮ್ಮಿದರು, ನನಗೆ ಸೌಟಿಗೆ ಕೈ ಹಾಕಲಾಗಲಿಲ್ಲ. ಅವರ ಮಾತು ಸ್ಪಷ್ಟವಾಗಿ ಕೇಳಿಸಿತು. "ಅಮಲ್ದಾರನ್ನ ನೋಡೋಕೆ ಬಂದೆ." ಬಾಗಿಲು ಬೆಣ್ಣೆಯಂತೆ ತೆರೆದುಕೊಂಡಿತು.

ನಾನು ಹಲಸಿನ ತೊಳೆಯನ್ನು ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಇಷ್ಟು ವರ್ಷ ಸಾರಿಗೆ ಒಗ್ಗರಣೆ ಹಾಕಿದವಳು ನಾನು, ಅಂಗಿಯ ಗುಂಡಿ ಹೊಲಿದವಳು ನಾನು, ಜ್ವರ ಬಂದಾಗ ತಲೆಗೆ ಪಟ್ಟಿ ಹಾಕಿದವಳು ನಾನು. ಈ ಮನುಷ್ಯ ಮನೆಗೆ ಬರುವುದು ಬೆಕ್ಕಿಗೋಸ್ಕರ! ಮರದ ಬಾಗಿಲಾಗಿದ್ದರೆ ಅರ್ಧ ನಿಜ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈ ಪ್ಲಾಸ್ಟಿಕ್ ಶನಿ ಪೂರ್ತಿ ನಿಜಕ್ಕಲ್ಲದೆ ತೆರೆಯುವುದಲ್ಲ. ಮಾರನೆಯ ಸಂಜೆ ಸೌಟನ್ನು ತಟ್ಟೆಗೆ ಸೋಕಿಸಿದ ಹಾಗೆ ಮಾಡಿ ಕಿವಿ ಕೊಟ್ಟೆ. ಮಾನಗೇಡಿ ಕೆಲಸವೇ ಸರಿ, ಆದರೆ ಮಾನ ಹೋದ ಮೇಲೆ ಅದರ ಯೋಚನೆ ಯಾಕೆ? ಅದೇ ಮಾತು. "ಅಮಲ್ದಾರನ್ನ ನೋಡೋಕೆ ಬಂದೆ." ಅದರ ಮಾರನೆಯ ದಿನವೂ ಅದೇ.

ಏನು ಮಾಡಲಿಲ್ಲ ನಾನು? ಮೈಸೂರುಪಾಕು ಮಾಡಿದೆ. ಟ್ರಂಕಿನಲ್ಲಿದ್ದ ನೇರಳೆ ಸೀರೆ ಉಟ್ಟೆ. ಅವರು ಒಳಗೆ ಬಂದು ಬೆಕ್ಕನ್ನು ಮಡಿಲಲ್ಲಿ ಹಾಕಿಕೊಂಡು ಅದರ ಗದ್ದ ತುರಿಸುತ್ತ, ನನ್ನ ಕಡೆ ನೋಡಿ, "ಎಲ್ಲಿಗಾದ್ರೂ ಹೊರಟಿದೀಯಾ?" ಎಂದರು. ನಾನು ಹೋಗಿ ಸೀರೆ ಬದಲಾಯಿಸಿದೆ. ನಗುವವರು ನಗಲಿ, ಒಳಕೋಣೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತದ್ದೂ ಉಂಟು. ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಪಟ್ಟವಳೆಂದರೆ ಊರಲ್ಲಿ ನಾನೊಬ್ಬಳೇ ಇರಬೇಕು.

ಹಾಗೆ ಅಳುತ್ತಿದ್ದಾಗಲೇ ಹೊಳೆಯಿತು. ಬಾಗಿಲಿಗೊಂದು ಕಿಂಡಿ ಕೊರೆಸಿದರೆ? ಕಿಂಡಿ ಬಾಗಿಲಲ್ಲ, ಅದಕ್ಕೆ ಕಾರಣ ಹೇಳಬೇಕಾಗಿಲ್ಲ. ಅಮಲ್ದಾರ ತನ್ನಿಷ್ಟ ಬಂದಂತೆ ಹೊರಗೆ ಹೋಗುತ್ತಾನೆ. ಸಂಜೆ ಅವರು ಬರುವ ಹೊತ್ತಿಗೆ ಬೆಕ್ಕು ಬೀದಿಯಲ್ಲೇ ಎದುರಾಗುತ್ತದೆ. ಆಗ ಬೆಕ್ಕನ್ನು ನೋಡಲು ಒಳಗೆ ಬಂದೆ ಎನ್ನಲಾದೀತೆ? ಬೇರೆ ಏನಾದರೂ ಹೇಳಲೇಬೇಕು. ಆ ಬೇರೆ ಏನು ಎಂಬುದನ್ನು ನಾನು ಕೇಳಬೇಕು. ಏನೂ ಇಲ್ಲದಿದ್ದರೆ ಅದೂ ತಿಳಿದುಹೋಗಲಿ. ಗಂಟಲಲ್ಲಿ ಸಿಕ್ಕಿಕೊಂಡ ಕಡುಬನ್ನು ನುಂಗಬೇಕು ಇಲ್ಲ ಉಗುಳಬೇಕು. "ಪಾಪ, ಅಮಲ್ದಾರನಿಗೆ ಒಳಗೇ ಇದ್ದು ಬೇಸರ, ಒಂದು ಕಿಂಡಿ ಮಾಡಿಸ್ತೀನಿ" ಎಂದೆ. ನಮ್ಮವರ ಮುಖ ಅರಳಿತು. "ಎಷ್ಟು ಒಳ್ಳೆ ಯೋಚನೆ ಕಣೇ" ಎಂದರು. ನನಗೆ ಮೈ ಉರಿಯಿತು.

ಕಿಂಡಿ ಕೊರೆಯಲು ಬಂದವನು ಫಯಾಜ್, ಬಾಗಿಲು ಹಾಕಿಕೊಟ್ಟವನೇ. ಹೊಸ್ತಿಲಾಚೆ ನಿಂತು, "ಬೆಕ್ಕಿನ ಕಿಂಡಿ ಇವತ್ತಿನವರೆಗೆ ಮಾಡಿಲ್ಲ, ಬಾಗಿಲು ಹಾಳಾದ್ರೆ ಆಗಲಿ, ಕಲಿಯೋಕೆ ಬಂದೆ" ಎಂದ. ನಾನು ತಟ್ಟೆ ಬಾರಿಸುವುದು ಒಂದು ಕ್ಷಣ ತಡವಾಗಿತ್ತು. ಬಾಗಿಲು ತೆರೆದುಬಿಟ್ಟಿತು, ಇನ್ನೇನು ಮಾಡುವುದು? ಮೊದಲು ಅಮಲ್ದಾರನ ಅಳತೆ ತೆಗೆಯಬೇಕಿತ್ತು. ತಟ್ಟೆಯಲ್ಲಿ ಮೊಸರಿಟ್ಟು, ಅವನು ನೆಕ್ಕುತ್ತಿರುವಾಗ ಫಯಾಜ್ ಅವನ ಹೊಟ್ಟೆಯ ಸುತ್ತ ದಾರ ಹಾಕಿದ. ಅಮಲ್ದಾರ ತಿರುಗಿ ದಾರವನ್ನೇ ಹಿಡಿದ. ಇಬ್ಬರೂ ಸ್ವಲ್ಪ ಹೊತ್ತು ಎಳೆದಾಡಿದರು. "ಹೊಟ್ಟೆ ಲೆಕ್ಕ ಬೇಡಮ್ಮ, ಅದು ದಿನಾ ಬೆಳೆಯುತ್ತೆ. ಭುಜದ ಅಗಲ ಸಾಕು, ಮೇಲೆ ಎರಡು ಬೆರಳು ಸೇರಿಸೋಣ" ಎಂದ ಫಯಾಜ್. ರಟ್ಟಿನಲ್ಲಿ ಚೌಕ ಕತ್ತರಿಸಿ, ಬಾಗಿಲ ಕೆಳಗಿನ ಹಲಗೆಗೆ ಅಂಟಿಸಿ, ಸುತ್ತ ಪೆನ್ಸಿಲ್ ಗೆರೆ ಎಳೆದ.

ಬಾಗಿಲಿಗೆ ಆಯುಧ ತಾಗಿಸುವ ಮೊದಲು ಯಾಕೆ ತಾಗಿಸುತ್ತೇವೆಂದು ಮನೆಯವರು ಬಾಗಿಲಿಗೆ ಹೇಳಬೇಕು. ಇದೂ ನಮ್ಮೂರಿನ ರೂಢಿ. ಸಾಮಾನ್ಯವಾಗಿ "ಚಿಲಕ ಸಡಿಲಾಗಿದೆ" ಎಂದೋ "ಹೊಸ್ತಿಲಿಗೆ ಉಜ್ಜುತ್ತದೆ" ಎಂದೋ ಹೇಳಿ ಮುಗಿಸುತ್ತೇವೆ. ನಾನೂ ಬಾಗಿಲ ಮುಂದೆ ಕೈ ಮುಗಿದು, "ಬೆಕ್ಕಿಗೆ ಅನುಕೂಲ ಆಗಲಿ ಅಂತ" ಎಂದೆ. ಫಯಾಜ್ ಡ್ರಿಲ್ ಇಟ್ಟ. ಅದು ಗುಂಯ್‌ಗುಟ್ಟಿತು, ಬಾಗಿಲ ಮೇಲೆ ಜಾರಿತು, ತೂತಾಗಲಿಲ್ಲ. ಇನ್ನೊಂದು ಮೊನೆ ಹಾಕಿದ. ಅದೂ ಜಾರಿತು. ಮೈಯೊಳಗೆ ಗಾಳಿಯಲ್ಲದೆ ಬೇರೇನೂ ಇಲ್ಲದ ಪ್ಲಾಸ್ಟಿಕ್, ಚಾಕುವಿಗೂ ಬಗ್ಗುವಂಥದ್ದು, ಅದರ ಮೇಲೆ ಒಂದು ಗೀಟೂ ಬೀಳಲಿಲ್ಲ.

ಫಯಾಜ್ ಡ್ರಿಲ್ ಕೆಳಗಿಟ್ಟು ನನ್ನ ಮುಖ ನೋಡಿದ. "ಅಮ್ಮಾ, ಕಾರಣ ಸರಿಯಾಗಿ ಹೇಳಿದ್ರಾ?"

"ಹೇಳಿದೆನಲ್ಲ, ಬೆಕ್ಕಿಗೆ ಅನುಕೂಲ ಅಂತ."

"ಬಾಗಿಲು ಒಪ್ತಾ ಇಲ್ವಲ್ಲ. ನಂಗೇನೂ ಬೇಡ, ಅದಕ್ಕೆ ಹೇಳಿ. ನಾನು ಬೇಕಾದ್ರೆ ಡ್ರಿಲ್ ಜೋರಾಗಿ ಓಡಿಸ್ತೀನಿ, ನಂಗೆ ಏನೂ ಕೇಳ್ಸಲ್ಲ." ಹೀಗೆಂದು ಆ ಕಡೆ ತಿರುಗಿ ಡ್ರಿಲ್ಲನ್ನು ಗಾಳಿಗೆ ಹಿಡಿದು ಓಡಿಸಿದ. ಕಿವಿ ಗಡಚಿಕ್ಕುವ ಸದ್ದು. ನಾನು ಬಾಗಿಲಿಗೆ ಬಾಯಿ ಹತ್ತಿರ ತಂದೆ, ಆದರೂ ಆ ಸದ್ದಿನ ಮೇಲೆ ಕೇಳಿಸಬೇಕಲ್ಲ ಎಂದು ಕೂಗಿಯೇ ಹೇಳಿದೆ. "ನಮ್ಮೋರು ಮನೆಗೆ ನನಗೋಸ್ಕರ ಬರ್ತಾರೋ ಬೆಕ್ಕಿಗೋಸ್ಕರ ಬರ್ತಾರೋ ನಂಗೆ ಗೊತ್ತಾಗಬೇಕು!" ಕೂಗುವ ಹೊತ್ತಿಗೆ ಸರಿಯಾಗಿ ಡ್ರಿಲ್ ನಿಂತುಹೋಯಿತು. ಕರೆಂಟು ಹೋಗಿತ್ತು.

ಫಯಾಜ್ ಮೇಲಿನ ತೊಲೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಅವನ ಬಗ್ಗೆ ನನಗೆ ಚಿಂತೆಯಿರಲಿಲ್ಲ. ಆದರೆ ತೆರೆದ ಬಾಗಿಲಾಚೆ, ಎದುರುಮನೆಯ ಜಗುಲಿಯಲ್ಲಿ ಮೊರ ಹಿಡಿದು ಕೂತಿದ್ದ ಚೂಡಾಮಣಿಯ ಕೈ ಮೊರದ ಮೇಲೆ ಹಾಗೇ ನಿಂತಿತ್ತು. ಅವಳ ಹತ್ತಿರ ತಟ್ಟೆಯೂ ಇರಲಿಲ್ಲ, ಸೌಟೂ ಇರಲಿಲ್ಲ. ಇದ್ದರೂ ಬಾರಿಸುವವಳಲ್ಲ.

ಕರೆಂಟು ಬಂದ ಮೇಲೆ ಡ್ರಿಲ್ ಪಪ್ಪಾಯಿ ಹಣ್ಣಿಗೆ ಇಳಿದ ಹಾಗೆ ಇಳಿಯಿತು. ನಾಲ್ಕು ಮೂಲೆಗೆ ನಾಲ್ಕು ತೂತು, ಗರಗಸದ ಅಲಗನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಗೆರೆಯ ಮೇಲೆ ಎಳೆದರೆ ಚೌಕ ಕಳಚಿಕೊಂಡು ಬಂತು. ಕತ್ತರಿಸಿದ ಅಂಚಿನಲ್ಲಿ ಬಾಗಿಲ ಒಳಗು ಕಂಡಿತು, ಸಾಲಾಗಿ ಕೊಳವೆ ಕೊಳವೆ, ಎಲ್ಲ ಖಾಲಿ. ಇಷ್ಟು ಪೊಳ್ಳು ವಸ್ತು ಇಷ್ಟು ಬಿಗುಮಾನ ತೋರಿಸುತ್ತದಲ್ಲ ಎಂದು ನನಗೆ ನಗು ಬಂತು. ಇರುವೆ ಸೇರದಿರಲೆಂದು ಫಯಾಜ್ ಅದಕ್ಕೆ ಅಂಟು ತುಂಬಿದ, ಬೆಕ್ಕಿನ ಮೈ ತರಚದಿರಲೆಂದು ಸುತ್ತ ರಬ್ಬರ್ ಪಟ್ಟಿ ಹಾಕಿದ. ಕಳಚಿ ಬಂದ ಚೌಕವನ್ನೇ ಒಂದಿಷ್ಟು ಉಜ್ಜಿ, ಮೇಲಂಚಿಗೆ ಕೀಲು ಹಾಕಿ ತೂಗುಬಿಟ್ಟ. ಅದು ಗಾಳಿಗೆ ಪಟಪಟ ಬಡಿಯಬಾರದೆಂದು ಕೆಳಗೆ ಹಳೆಯ ಫ್ರಿಜ್ಜಿನ ಬಾಗಿಲಿಂದ ತೆಗೆದ ಅಯಸ್ಕಾಂತದ ಪಟ್ಟಿ ಕೂರಿಸಿದ. ಬೆರಳಲ್ಲಿ ನೂಕಿದರೆ ಒಳಕ್ಕೂ ಹೊರಕ್ಕೂ ಹೋಗಿ ಬಂದು, ಚಟ್ ಎಂದು ಮುಚ್ಚಿಕೊಳ್ಳುತ್ತಿತ್ತು. ನೋಡಲು ಮುದ್ದಾಗಿತ್ತು, ಒಪ್ಪಿಕೊಳ್ಳಬೇಕು.

ಅಮಲ್ದಾರ ಮಾತ್ರ ಅದನ್ನು ಮಂಜೂರು ಮಾಡಲಿಲ್ಲ. ಮುಂದೆ ಕೂತು ಮೂಸಿದ, ಕೆನ್ನೆ ಉಜ್ಜಿದ, ಕೊನೆಗೆ ಅದಕ್ಕೆ ಬೆನ್ನು ಹಾಕಿ ಮಲಗಿದ. ನಾನು ಹೊರಗೆ ಹೋಗಿ ಕಿಂಡಿಯಾಚೆ ಕುಕ್ಕರುಗಾಲಲ್ಲಿ ಕೂತು ಬೆರಳಿಗೆ ಬೆಣ್ಣೆ ಹಚ್ಚಿಕೊಂಡು ಕರೆದೆ. ಅವನು ಕಿಂಡಿಯ ಮುಚ್ಚಳದ ಕೆಳಗಿನಿಂದ ಮುಂಗಾಲು ಚಾಚಿ ಬೆಣ್ಣೆಯನ್ನಷ್ಟೇ ಸೆಳೆದುಕೊಂಡ. ಬೆಕ್ಕನ್ನು ಹೊರಗೆ ಕರೆಯಲು ನಾನು ಬೀದಿಯಲ್ಲಿ ಕೂತು "ಬಾರೋ ರಾಜಾ, ಬಾರೋ ಚಿನ್ನಾ" ಎನ್ನುವುದನ್ನು ಬೀದಿಯವರೆಲ್ಲ ನೋಡಿದರು. ಯಾರೂ ಏನೂ ಕೇಳಲಿಲ್ಲ. ಅವರೆಲ್ಲರಿಗೂ ಯಾಕೆಂದು ಗೊತ್ತಿತ್ತು. ಚೂಡಾಮಣಿ ಅಷ್ಟರಲ್ಲಿ ಊರಿನ ಅರ್ಧ ಬಾಗಿಲುಗಳ ಮುಂದೆ ನಿಂತು, "ಜಲಜಾಕ್ಷಿ ವಿಷಯ ಹೇಳೋಕೆ ಬಂದೆ" ಎಂದು ಪ್ರಾಮಾಣಿಕವಾಗಿ ಹೇಳಿ ಒಳಗೆ ಹೋಗಿ ಬಂದಿದ್ದಳು.

ಕೆಲವು ದಿನ ಹೀಗೇ ಕಳೆದ ಮೇಲೆ ಒಂದು ಮಧ್ಯಾಹ್ನ ಕಾಂಪೌಂಡ್ ಗೋಡೆಯ ಮೇಲೆ ಅಳಿಲೊಂದು ಬಂದು ಬಾಲ ಎತ್ತಿ ಅಮಲ್ದಾರನಿಗೆ ಏನೋ ಅಂದಿತು. ಅವನು ಕಿಟಕಿಯಿಂದ ಹಾರಿ, ನಡುಮನೆಯಲ್ಲಿ ಓಡಿ, ಕಿಂಡಿಯನ್ನು ತಲೆಯಿಂದ ಗುದ್ದಿ ಹೊರಗೆ ಹೋದ. ಅಳಿಲು ಸಿಗಲಿಲ್ಲ. ಆದರೆ ಬಿಸಿಲಿಗೆ ಕಾದ ಗೋಡೆ ಸಿಕ್ಕಿತು. ಅದರ ಮೇಲೆ ನಾಲ್ಕೂ ಕಾಲು ಚಾಚಿ ಮಲಗಿಬಿಟ್ಟ. ನಾನು ಬಯಸಿದ್ದು ಇದನ್ನೇ, ಈಗ ನಿಜವಾಗಿಯೂ ಆಗಿಬಿಟ್ಟಿತಲ್ಲ ಎಂದು ಹೆದರಿಕೆಯಾಯಿತು. ಹೋಗಿ ಬೆಕ್ಕನ್ನು ಎತ್ತಿಕೊಂಡು ಬಂದುಬಿಡಲೇ ಎಂದು ಎರಡು ಸಲ ಎದ್ದೆ, ಎರಡು ಸಲ ಕೂತೆ.

ಬಿಸಿಲು ಇಳಿಯುವ ಹೊತ್ತಿಗೆ ನಮ್ಮವರು ಬೀದಿಯ ತಿರುವಿನಲ್ಲಿ ಕಾಣಿಸಿದರು. ಕಿಟಕಿಯ ಪಕ್ಕದಲ್ಲಿ ನಿಂತು ನೋಡಿದೆ. ಎಂದಿನ ನಡಿಗೆಯಲ್ಲ, ಹೆಜ್ಜೆ ಭಾರವಾಗಿತ್ತು. ಅವರಿಗೂ ವಿಷಯ ಮುಟ್ಟಿದೆ ಎಂದು ಆ ಹೆಜ್ಜೆಯಲ್ಲೇ ತಿಳಿಯಿತು. ಊರೆಲ್ಲ ತಿರುಗಿ ಮೀಟರು ಓದುವವರ ಕಿವಿಗೆ ಯಾರೋ ಮಜ್ಜಿಗೆ ಕೊಡುತ್ತ ಹಾಕಿರಬೇಕು. ಗೋಡೆಯ ಮೇಲಿನ ಅಮಲ್ದಾರ ಎದ್ದು ಮೈ ಮುರಿದು ಅವರ ಹೆಗಲಿಗೆ ಇಳಿದ. ಅವರು ಅವನನ್ನು ತಬ್ಬಿಕೊಂಡು ಬಾಗಿಲ ಮುಂದೆ ಬಂದು ನಿಂತರು. ನಾನು ತಟ್ಟೆ ಕೈಗೆತ್ತಿಕೊಳ್ಳಲಿಲ್ಲ. ಅವರು ಬೆಕ್ಕನ್ನೊಮ್ಮೆ, ಕಿಂಡಿಯನ್ನೊಮ್ಮೆ ನೋಡಿದರು. ಆಮೇಲೆ ಬಗ್ಗಿದರು. ಕಿಂಡಿ ತೆರೆಯಿತು, ಅಮಲ್ದಾರ ಹಿಂದಿನಿಂದ ನೂಕಿಸಿಕೊಂಡು ಒಳಗೆ ಬಿದ್ದ. ಹೊರಗಿನಿಂದ ದನಿ ಬಂತು. "ಅಮಲ್ದಾರನ್ನ ನೋಡೋಕೆ ಬಂದೆ."

ಎಲಾ ಇವರ! ಮೀಟರು ಓದುವ ಮನುಷ್ಯನಿಗೆ ಇಷ್ಟು ಯುಕ್ತಿ ಎಲ್ಲಿಂದ ಬಂತು ಎಂದು ನನಗೆ ನಖಶಿಖಾಂತ ಕೋಪ ಬಂತು. ಆದರೆ ಬಾಗಿಲು ತೆರೆಯಲಿಲ್ಲ. ಅವರು ಇನ್ನೊಮ್ಮೆ ಹೇಳಿದರು. ತೆರೆಯಲಿಲ್ಲ. ನಿನ್ನೆಯವರೆಗೂ ನಿಜವಾಗಿದ್ದದ್ದು ಇವತ್ತು ನಿಜವಾಗಿರಲಿಲ್ಲ. "ಊಟಕ್ಕೆ ಬಂದೆ" ಎಂದರು. ಇಲ್ಲ. "ನಮ್ಮನೆಗೆ ನಾನು ಬಂದೆ" ಎಂದರು, ಸ್ವಲ್ಪ ರೇಗಿ. ಇಲ್ಲ. ಆಮೇಲೆ ದನಿ ತಗ್ಗಿಸಿ, ಕಲಿತ ಪಾಠ ಒಪ್ಪಿಸುವವರ ಹಾಗೆ, "ನನ್ನ ಹೆಂಡ್ತೀಗೋಸ್ಕರ ಬಂದೆ" ಎಂದರು. ಬಾಗಿಲು ಅಲ್ಲಾಡಲಿಲ್ಲ.

ಅಷ್ಟು ನೋವು ನನಗೆ ಯಾವತ್ತೂ ಆಗಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತೆ. ಹೊರಗೆ ಅವರೂ ಮೆಟ್ಟಿಲ ಮೇಲೆ ಕೂತ ಸದ್ದಾಯಿತು. "ಜಲಜಾ, ಒಳಗಿದೀಯಾ?" ಎಂದರು.

"ಇದೀನಿ."

"ತೆಗೆಯೇ ಬಾಗಿಲು."

"ತೆಗೀತೀನಿ. ಕಾಫಿ ಕೊಡ್ತೀನಿ. ಕುಡಿದು ಎಲ್ಲಿಗೆ ಹೋಗ್ತೀರಿ?" ಎಂದೆ.

ಅವರು ಉತ್ತರ ಕೊಡುವಷ್ಟರಲ್ಲಿ ಬೀದಿಯಲ್ಲಿ ಢಣ್ ಎಂದು ಒಂದು ತಟ್ಟೆ ಸದ್ದಾಯಿತು. ಯಾರೋ ಪುಣ್ಯಾತ್ಮರು, ಗಂಡ ಹೆಂಡಿರ ಮಾತು ತಮಗೆ ಕೇಳಬಾರದೆಂದು ಶುರುಮಾಡಿದರು. ಅದು ಕೇಳಿ ಪಕ್ಕದವರು ಬಾರಿಸಿದರು, ಅವರನ್ನು ನೋಡಿ ಅವರ ಪಕ್ಕದವರು. ಕಿಟಕಿಯಿಂದ ಕಂಡಷ್ಟು ದೂರವೂ ಜಗುಲಿ ಜಗುಲಿಯ ಮೇಲೆ ಜನ ತಟ್ಟೆ ಹಿಡಿದು, ಮುಖ ಆ ಕಡೆ ತಿರುಗಿಸಿಕೊಂಡು, ಗ್ರಹಣ ಹಿಡಿದಾಗ ಬಾರಿಸುವ ಹಾಗೆ ಬಾರಿಸುತ್ತಿದ್ದರು. ಚೂಡಾಮಣಿಯೂ ಬಾರಿಸುತ್ತಿದ್ದಳು, ಮೆಲ್ಲಗೆ. ಊರಿಗೆ ಊರೇ ತೋರಿಸಿದ ಆ ಮರ್ಯಾದೆಯಲ್ಲಿ ನನಗೆ ನನ್ನ ಗಂಡನ ದನಿಯೇ ಕೇಳದಂತಾಯಿತು. ಅವರು ಏನೋ ಹೇಳುತ್ತಿದ್ದರು, ನನಗೆ ಗುಜುಗುಜು ಎನ್ನುವುದಷ್ಟೇ ಕೇಳುತ್ತಿತ್ತು. ಇದೊಂದು ಮಾತು ತಪ್ಪಿಹೋದರೆ ಈ ಜನ್ಮದಲ್ಲಿ ಇನ್ನೊಮ್ಮೆ ಆಡುವವರಲ್ಲ ಅವರು. ನಾನು ನಾಚಿಕೆ ಬಿಟ್ಟು ನೆಲದ ಮೇಲೆ ಉದ್ದಕ್ಕೆ ಮಲಗಿದೆ, ಕಿಂಡಿಯ ಮುಚ್ಚಳವನ್ನು ಬೆರಳಲ್ಲಿ ಎತ್ತಿ ಹಿಡಿದು ಕಿವಿ ಇಟ್ಟೆ. ಅಮಲ್ದಾರ ಬಂದು ನನ್ನ ಬೆನ್ನಿನ ಮೇಲೆ ಕೂತ. ಕೂರಲಿ ಎಂದು ಬಿಟ್ಟೆ.

"ಕೇಳ್ಸಲಿಲ್ಲ, ಇನ್ನೊಂದ್ಸಲ ಹೇಳಿ" ಎಂದು ಕಿಂಡಿಯಲ್ಲಿ ಕೂಗಿದೆ.

ಅವರೂ ಆ ಕಡೆ ಮಲಗಿರಬೇಕು, ಉಸಿರು ಕಿವಿಗೆ ತಾಗಿತು. "ಬೆಕ್ಕಿನ ಹತ್ರ ಏನೂ ಹೇಳ್ಬೇಕಾಗಿಲ್ಲ ಕಣೇ. ದಿನಾ ನೂರು ಬಾಗಿಲಿಗೆ ಯಾಕೆ ಬಂದೆ ಯಾಕೆ ಬಂದೆ ಅಂತ ಹೇಳಿ ಸಾಕಾಗಿರುತ್ತೆ. ಅದನ್ನ ನೋಡಿದ್ರೆ ಸಮಾಧಾನ. ಅಷ್ಟೇ ಹೇಳ್ತಿದ್ದೆ, ಬಾಗಿಲು ಬಿಡ್ತಿತ್ತು. ನೀನು ಯಾಕೆ ಕೇಳಿಸ್ಕೊಂಡೆ?"

"ಕೇಳಿಸ್ಕೊಂಡಾಯ್ತಲ್ಲ. ನನಗೋಸ್ಕರ ಅಂದಾಗ ಯಾಕೆ ತೆಗೀಲಿಲ್ಲ ಅದು?"

ತಟ್ಟೆಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಅವರು ಎದ್ದು ಹೊರಟುಹೋದರೇನೋ ಎಂದು ಮುಚ್ಚಳವನ್ನು ಇನ್ನಷ್ಟು ಮೇಲೆತ್ತಿದೆ. ಕೊನೆಗೆ ದನಿ ಬಂತು, ಅಷ್ಟು ಸೋತ ದನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ.

"ಗೊತ್ತಿಲ್ಲ ಕಣೇ. ಯಾಕೆ ಬರ್ತೀನೋ ನಂಗೆ ಗೊತ್ತಿಲ್ಲ. ಕೆಲಸ ಮುಗೀತು ಅಂದ್ರೆ ಕಾಲು ಈ ಕಡೆಗೇ ತಿರುಗ್ತವೆ. ಬೇರೆ ಎಲ್ಲಿಗಾದ್ರೂ ಹೋಗೋಣ ಅಂತ ಇಷ್ಟು ವರ್ಷದಲ್ಲಿ ಒಂದು ದಿನಾನೂ ಅನ್ನಿಸಿಲ್ಲ. ನೀನು ಎಲ್ಲಿರ್ತೀಯೋ ಅಲ್ಲಿಗೆ ಬರೋದು ಬಿಟ್ಟು ನಂಗೆ ಇನ್ನೇನೂ ಗೊತ್ತಿಲ್ಲ."

ಬಾಗಿಲು ತೆರೆಯಿತು. ನಾನು ಅದಕ್ಕೆ ಮೈಯಾನಿಸಿ ಮಲಗಿದ್ದೆನಲ್ಲ, ನನ್ನನ್ನೂ ಬೆನ್ನ ಮೇಲಿದ್ದ ಬೆಕ್ಕನ್ನೂ ಗುಡಿಸಿಕೊಂಡು ಒಳಕ್ಕೆ ತೆರೆಯಿತು. ಅಮಲ್ದಾರ ಹಾರಿ ಅಡುಗೆಮನೆಗೆ ಓಡಿದ. ನಾನು ಗೋಡೆಯವರೆಗೂ ಜಾರಿಕೊಂಡು ಹೋಗಿ, ಕೂದಲು ಕೆದರಿಕೊಂಡು, ಕೆನ್ನೆಯ ಮೇಲೆ ರಬ್ಬರ್ ಪಟ್ಟಿಯ ಗುರುತು ಹೊತ್ತು ಎದ್ದು ಕೂತೆ. ನಮ್ಮವರು ಬಾಗಿಲಲ್ಲಿ ನಿಂತಿದ್ದರು. ಅಂಗಿಯ ಒಂದು ಮಗ್ಗುಲೆಲ್ಲ ಮಣ್ಣು. ಬೀದಿಯಲ್ಲಿ ತಟ್ಟೆಗಳು ಒಂದೊಂದಾಗಿ ನಿಂತವು.

ಅವರು ಗಾಬರಿಯಿಂದ ಬಂದು ನನ್ನ ಪಕ್ಕ ಕೂತರು. ಬೆಕ್ಕು ಎಲ್ಲಿ ಎಂದು ಕೇಳಲಿಲ್ಲ. ನನ್ನ ಮೊಣಕೈ ಹಿಡಿದು, "ಪೆಟ್ಟಾಯ್ತೇನೇ? ಜೋರಾಗಿ ತಗುಲ್ತಾ?" ಎಂದರು.

ಎಲ್ಲೂ ಏನೂ ಆಗಿರಲಿಲ್ಲ. ಆದರೂ "ಹೂಂ, ತುಂಬಾ ನೋಯ್ತಿದೆ" ಎಂದೆ. ಅವರು ಮೊಣಕೈಯನ್ನು ಮಡಿಲಿಗೆ ತೆಗೆದುಕೊಂಡು ತಿಕ್ಕತೊಡಗಿದರು. ಇನ್ನೂ ನೋವಿದೆಯೇ ಎಂದು ಆಗಾಗ ಕೇಳುತ್ತಿದ್ದರು, ಇದೆ ಎನ್ನುತ್ತಿದ್ದೆ. ಬಾಗಿಲಿಗೆ ಬೇಕಾಗಿದ್ದ ನಿಜ ಬಾಗಿಲಲ್ಲೇ ಮುಗಿದಿತ್ತು. ಮನೆಯೊಳಗೆ ಸುಳ್ಳು ಹೇಳಬಾರದೆಂದು ನಮ್ಮೂರಲ್ಲಿ ಎಲ್ಲೂ ಇಲ್ಲ.